ಅಟ್ಟದ ಮೇಲಿನ ಸ್ಟೀರಿಯೊ ಮತ್ತೆ ಹಾಡೀತೆ?

ಏಪ್ರಿಲ್ ತಿಂಗಳು. ಪರೀಕ್ಷೆ ಮುಗಿದಿದೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಬಿಸಿಲಿಗೆ ಮಟಮಟ ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಮನೆಯಲ್ಲಿ ಬೇಸರ ಬಂದ ಹುಡುಗ ಅಟ್ಟ ಹತ್ತುತ್ತಾನೆ. ಶೇಂಗಾ ಚೀಲ, ಹಳೇ ಕಂಬಳಿ, ಮುರಿದ ತೊಟ್ಟಿಲುಗಳ ನಡುವೆ ಬಟ್ಟೆ ಸುತ್ತಿಟ್ಟ ಗಂಟೊಂದು ಸಿಗುತ್ತದೆ. ಬಿಚ್ಚಿದರೆ ಅಪ್ಪನ ಕಾಲದ ಸ್ಟೀರಿಯೊ! ಒಂದು ಆಂಪ್ಲಿಫೈಯರ್, ಒಂದು ಕ್ಯಾಸೆಟ್ ಡೆಕ್, ಎರಡು ಸ್ಪೀಕರ್ ಪೆಟ್ಟಿಗೆ, ಜೊತೆಗೊಂದಿಷ್ಟು ಕ್ಯಾಸೆಟ್ಟು. ಕೆಳಗಿಳಿಸಿ, ದೂಳು ಕೊಡವಿ, ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತುತ್ತಾನೆ. 'ಟಪ್' ಎಂದು ಒಂದು ಸದ್ದು, ಬಿಳಿ ಹೊಗೆ. 'ಏನ್ಲಾ ಅದು ಸುಟ್ಟ ವಾಸ್ನೆ?' ಎಂದು ಅಡುಗೆಮನೆಯಿಂದ ಅಜ್ಜಿಯ ಕೂಗು. ಮರುದಿನ ಆ ಗಂಟು ಗುಜರಿಯವನ ಗಾಡಿಯ ಮೇಲೆ ತೂಕಕ್ಕೆ.

ಇದು ಯಾವ ಮನೆಯಲ್ಲಾದರೂ ನಡೆಯಬಹುದಾದ ಕತೆ. ಹೊಗೆ ಬರುವ ಮುನ್ನ ಒಂದು ಗಂಟೆ ತಾಳ್ಮೆ ತೋರಿಸಿದ್ದರೆ ಆ ಯಂತ್ರ ಬಹುಶಃ ಉಳಿಯುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಗುಜರಿಗೆ ಹೋದ ಆ ಕ್ಯಾಸೆಟ್ಟುಗಳಲ್ಲಿ ಏನಿತ್ತು ಎಂದು ಯಾರೂ ಕೇಳಿ ನೋಡಲಿಲ್ಲ.

ಎರಡು ಕಿವಿ, ಎರಡು ದಾರಿ

ಸ್ಟೀರಿಯೊ ಎಂದರೆ ದೊಡ್ಡ ಸದ್ದು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಕಣ್ಣು ಮುಚ್ಚಿ ಕುಳಿತವನಿಗೆ ಎತ್ತಿನ ಗಂಟೆ ಎಡಗಡೆಯಿಂದ ಬಂತೋ ಬಲಗಡೆಯಿಂದ ಬಂತೋ ತಿಳಿಯುವುದು ಹೇಗೆ? ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ಎಡಗಡೆಯ ಶಬ್ದ ತಲೆಯನ್ನು ಬಳಸಿಕೊಂಡು ಬಲಗಿವಿಗೆ ತಲುಪಲು ಇಪ್ಪತ್ತು ಸೆಂಟಿಮೀಟರಿಗೂ ತುಸು ಹೆಚ್ಚಿನ ದಾರಿ ಸವೆಸಬೇಕು. ಅದಕ್ಕೆ ತಗಲುವ ಸಮಯ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟು ಸಣ್ಣ ವ್ಯತ್ಯಾಸವನ್ನೂ, ಎರಡು ಕಿವಿಗೆ ಬೀಳುವ ಸದ್ದಿನ ಏರಿಳಿತವನ್ನೂ ಮಿದುಳು ಲೆಕ್ಕ ಹಾಕಿ ದಿಕ್ಕು ಹೇಳುತ್ತದೆ.

ಇದನ್ನು ಯಂತ್ರಕ್ಕೆ ಇಳಿಸಿದವರಲ್ಲಿ ಪ್ರಮುಖ ಇಂಗ್ಲೆಂಡಿನ ಅಲನ್ ಬ್ಲಮ್ಲೈನ್. ಸಿನಿಮಾ ನೋಡುವಾಗ ಪರದೆಯ ಒಂದು ಬದಿಯಲ್ಲಿರುವ ನಟನ ಮಾತು ಇನ್ನೊಂದು ಬದಿಯಿಂದ ಕೇಳಿಬಂದದ್ದೇ ಅವನನ್ನು ಈ ಯೋಚನೆಗೆ ಹಚ್ಚಿತಂತೆ. ಇ.ಎಂ.ಐ. ಕಂಪನಿಯಲ್ಲಿದ್ದ ಆತ 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ತಟ್ಟೆಯ ಒಂದೇ ಗೆರೆಯಲ್ಲಿ ಎರಡು ಧ್ವನಿ ಕೊರೆಯುವ ಉಪಾಯವೂ ಅದರಲ್ಲಿತ್ತು. ಗೆರೆಯ ಎರಡು ಗೋಡೆಗಳನ್ನು 45 ಡಿಗ್ರಿ ಓರೆಯಾಗಿ ಕೊರೆದು, ಒಂದರಲ್ಲಿ ಎಡದ ಧ್ವನಿ, ಇನ್ನೊಂದರಲ್ಲಿ ಬಲದ ಧ್ವನಿ. ಸ್ಟೀರಿಯೊ ತಟ್ಟೆ ಅಂಗಡಿಗೆ ಬಂದದ್ದು 1958ರಲ್ಲಿ. ಅದನ್ನು ನೋಡಲು ಬ್ಲಮ್ಲೈನ್ ಇರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ರೇಡಾರ್ ಪರೀಕ್ಷೆಗೆ ಹೋದ ವಿಮಾನ 1942ರಲ್ಲಿ ಉರುಳಿ, 38ನೇ ವಯಸ್ಸಿನಲ್ಲೇ ಆತ ತೀರಿಕೊಂಡಿದ್ದ.

ನಮ್ಮ ಹಳ್ಳಿಗಳಿಗೆ ಸ್ಟೀರಿಯೊ ಬಂದದ್ದು ತಟ್ಟೆಗಿಂತ ಹೆಚ್ಚಾಗಿ ಕ್ಯಾಸೆಟ್ಟಿನ ಬೆನ್ನೇರಿ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ ಎರಡು ದಶಕಗಳಲ್ಲಿ ಮನೆಮಾತಾಯಿತು. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಬಂದು ಭಾವಗೀತೆಯನ್ನು ಮನೆಮನೆಗೆ ತಲುಪಿಸಿತು. ಟು-ಇನ್-ಒನ್ ಇದ್ದ ಮನೆಯ ಮುಂದೆ ಜನ ಸೇರುತ್ತಿದ್ದ ಕಾಲ ಅದು.

ಬಿಸಿಲು ಕುಡಿದ ಕೆಪಾಸಿಟರ್

ಹತ್ತಾರು ವರ್ಷ ಸುಮ್ಮನೆ ಕುಳಿತ ಯಂತ್ರ ಕೆಡುವುದೇಕೆ? ದುಡಿದರೆ ಸವೆತ, ಕುಳಿತರೆ ತುಕ್ಕು ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಆದರೆ ಕಡಿಮೆ ಮಳೆ ಬೀಳುವ ಈ ಎರಡು ತಾಲ್ಲೂಕುಗಳಲ್ಲಿ ತುಕ್ಕಿಗಿಂತ ದೊಡ್ಡ ಶತ್ರುಗಳು ದೂಳು ಮತ್ತು ಸೆಖೆ. ಕರಾವಳಿಯ ಯಂತ್ರದ ಕಬ್ಬಿಣ ತುಕ್ಕು ತಿನ್ನುತ್ತದೆ. ಇಲ್ಲಿನ ಯಂತ್ರದ ಕಬ್ಬಿಣ ಗಟ್ಟಿಯಾಗಿಯೇ ಇರುತ್ತದೆ, ಒಳಗಿನ ಕೆಪಾಸಿಟರ್ ಒಣಗುತ್ತದೆ.

ಹಳೆಯ ಮೆಕ್ಯಾನಿಕ್ಕುಗಳು ಕಂಡೆನ್ಸರ್ ಎಂದು ಕರೆಯುವ ಈ ಭಾಗ ಡ್ರಮ್ಮಿನ ಆಕಾರದ ಪುಟ್ಟ ಡಬ್ಬಿ. ಎಲೆಕ್ಟ್ರೊಲಿಟಿಕ್ ಜಾತಿಯದಾದರೆ ಒಳಗೆ ಅಲ್ಯೂಮಿನಿಯಂ ಹಾಳೆ, ನಡುವೆ ರಾಸಾಯನಿಕ ದ್ರವದಲ್ಲಿ ತೊಯ್ದ ಕಾಗದ. ಹಾಳೆಯ ಮೇಲಿನ ತೆಳ್ಳನೆಯ ಆಕ್ಸೈಡ್ ಪೊರೆಯೇ ಇದರ ಜೀವ. ಬಹುಕಾಲ ವಿದ್ಯುತ್ ಕಾಣದಿದ್ದರೆ ಆ ಪೊರೆ ದುರ್ಬಲವಾಗುತ್ತದೆ, ದ್ರವ ನಿಧಾನವಾಗಿ ಆರುತ್ತದೆ. ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಇದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ತಗಡಿನ ಮಾಡಿನ ಕೆಳಗೆ ಇಪ್ಪತ್ತು ಬೇಸಿಗೆ ಕಳೆದ ಆಂಪ್ಲಿಫೈಯರಿನ ಗತಿಯನ್ನು ಊಹಿಸಿಕೊಳ್ಳಿ. ಅಂಥದ್ದಕ್ಕೆ ಒಮ್ಮೆಲೇ ಪೂರ್ಣ ವೋಲ್ಟೇಜ್ ಕೊಟ್ಟರೆ 'ಟಪ್' ಎನ್ನದೆ ಇನ್ನೇನು ಮಾಡೀತು?

ಸಿಡಿಯದೆ ಉಳಿದರೂ ಅದು ತನ್ನ ಕಾಯಿಲೆಯನ್ನು ಹಾಡಿ ತೋರಿಸುತ್ತದೆ. ನಮ್ಮ ಮನೆಗೆ ಬರುವ ಎ.ಸಿ. ವಿದ್ಯುತ್ತಿನ ಆವರ್ತ ಸೆಕೆಂಡಿಗೆ 50. ರೆಕ್ಟಿಫೈಯರ್ ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಉಬ್ಬುಗಳು ಬರುತ್ತವೆ. ಈ ಉಬ್ಬುತಗ್ಗುಗಳನ್ನು ಮಟ್ಟ ಮಾಡುವುದು ಕೆಪಾಸಿಟರಿನ ಕೆಲಸ. ಅದು ಒಣಗಿದರೆ ಉಬ್ಬುಗಳು ಹಾಗೆಯೇ ಸ್ಪೀಕರಿಗೆ ಹೋಗಿ 'ಗುಂಯ್' ಎಂಬ ಗುನುಗು ಕೇಳುತ್ತದೆ. ಅನುಭವಸ್ಥ ಮೆಕ್ಯಾನಿಕ್ಕು ಮೀಟರ್ ಹಿಡಿಯುವ ಮುನ್ನ ಕಿವಿಯಿಂದಲೇ ಅರ್ಧ ರೋಗ ಹೇಳುವುದು ಹೀಗೆ.

ಬಲ್ಬಿನ ಕಾವಲು

ಹಳೆಯ ರೇಡಿಯೋ ರಿಪೇರಿ ಅಂಗಡಿಯ ಮೇಜಿನ ಮೇಲೆ ಹೋಲ್ಡರಿನಲ್ಲಿ ಒಂದು ಬಲ್ಬು ಇರುತ್ತಿತ್ತು. ಅದು ಬೆಳಕಿಗಾಗಿ ಇಟ್ಟದ್ದಲ್ಲ. ರಿಪೇರಿಗೆ ಬಂದ ಯಂತ್ರಕ್ಕೆ ಹೋಗುವ ವಿದ್ಯುತ್ತು ಮೊದಲು ಆ ಬಲ್ಬನ್ನು ಹಾದು ಹೋಗಬೇಕು. ಇದೇ ಸೀರೀಸ್ ಲ್ಯಾಂಪ್. ಹತ್ತನೇ ತರಗತಿಯ ಓಮನ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 230 ವೋಲ್ಟಿನ 100 ವ್ಯಾಟ್ ಬಲ್ಬು ಪೂರ್ಣ ಉರಿಯುವಾಗ ಅದರ ರೋಧ ಸುಮಾರು 529 ಓಮ್. ಯಂತ್ರದೊಳಗೆ ಶಾರ್ಟ್ ಆಗಿದ್ದರೂ ಹರಿಯುವ ಕರೆಂಟು 0.43 ಆಂಪಿಯರ್ ದಾಟುವುದಿಲ್ಲ. ಬಲ್ಬು ಒಮ್ಮೆ ಮಿಂಚಿ ಮಂಕಾದರೆ ಕೆಪಾಸಿಟರುಗಳು ತುಂಬಿಕೊಂಡವು, ಶುಭ ಲಕ್ಷಣ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆರಿಸಬೇಕು. ಟ್ರಾನ್ಸ್‌ಫಾರ್ಮರ್ ಸುಡುವ ಮುನ್ನ ಬಲ್ಬು ಸುದ್ದಿ ಕೊಡುತ್ತದೆ. ಇದಕ್ಕೆ ಎಲ್.ಇ.ಡಿ. ದೀಪ ಬಾರದು, ಹಳೆಯ ತಂತಿ ಬಲ್ಬೇ ಬೇಕು.

ಒಂದು ಎಚ್ಚರಿಕೆ. ಈ ಬಲ್ಬು ಯಂತ್ರವನ್ನು ಕಾಯುತ್ತದೆಯೇ ಹೊರತು ಮುಟ್ಟಿದವನನ್ನಲ್ಲ. ಪ್ಲಗ್ ಕಿತ್ತ ಮೇಲೂ ಅಪಾಯ ಮುಗಿಯುವುದಿಲ್ಲ. ವಾಲ್ವ್ ಕಾಲದ ಸೆಟ್ಟುಗಳಲ್ಲಿ 250ರಿಂದ 300 ವೋಲ್ಟ್ ಸಾಮಾನ್ಯ. 100 ಮೈಕ್ರೊಫ್ಯಾರಡಿನ ಕೆಪಾಸಿಟರ್ 300 ವೋಲ್ಟಿಗೆ ತುಂಬಿದ್ದರೆ ಅದರಲ್ಲಿ ನಾಲ್ಕೂವರೆ ಜೂಲ್ ಶಕ್ತಿ ಅಡಗಿರುತ್ತದೆ. ಎದೆಯ ಮೂಲಕ ಹರಿದರೆ ಪ್ರಾಣಕ್ಕೇ ಕುತ್ತಾಗಬಹುದು. ಬಲ್ಲವರು ಅದನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲಷ್ಟೇ ಕೈ ಹಾಕುತ್ತಾರೆ. ಆದ್ದರಿಂದ ತಂದೆತಾಯಂದಿರು ಒಂದು ಗೆರೆ ಎಳೆಯಬೇಕು: ಕರೆಂಟಿಗೆ ಸಿಕ್ಕಿಸುವ ಪೆಟ್ಟಿಗೆಯ ಮುಚ್ಚಳ ತೆರೆಯುವುದು ಮೆಕ್ಯಾನಿಕ್ಕಿನ ಕೆಲಸ, ಮಕ್ಕಳದ್ದಲ್ಲ. ಹಾಗೆಯೇ ಫ್ಯೂಸ್ ಹೋದಾಗ ದಪ್ಪ ತಂತಿ ಸುತ್ತುವ ಹಳೆಯ ಚಾಳಿ ಬಿಡಬೇಕು. ಫ್ಯೂಸ್ ಸುಡುವುದು ಮನೆ ಸುಡದಿರಲಿ ಎಂದು.

ಎಡಗಡೆಯೇ ಗುರು

ಹಾಗಾದರೆ ಮಕ್ಕಳಿಗೆ ಮಾಡಲು ಏನೂ ಇಲ್ಲವೆ? ಬೇಕಾದಷ್ಟಿದೆ. ರೋಗ ಪತ್ತೆ ಮಾಡುವುದರಲ್ಲಿ ಸ್ಟೀರಿಯೊದಷ್ಟು ಉದಾರಿ ಯಂತ್ರ ಇನ್ನೊಂದಿಲ್ಲ. ಏಕೆಂದರೆ ಅದರಲ್ಲಿ ಎಲ್ಲವೂ ಜೋಡಿ ಜೋಡಿ. ಬಲಗಡೆ ಮಾತು ನಿಂತಿದೆ ಎನ್ನಿ. ಸ್ವಿಚ್ ಆರಿಸಿ, ಎಡದ ಸ್ಪೀಕರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಬದಲಿಸಿ. ಮತ್ತೆ ಹಾಕಿದಾಗ ಮೌನ ಸ್ಪೀಕರಿನ ಜೊತೆಗೇ ಎಡಕ್ಕೆ ಹೋದರೆ ಕೆಟ್ಟದ್ದು ಸ್ಪೀಕರ್ ಅಥವಾ ಅದರ ತಂತಿ. ಮೌನ ಬಲಗಡೆಯೇ ಉಳಿದರೆ ತಪ್ಪು ಅದಕ್ಕೂ ಹಿಂದೆ ಇದೆ. ಆಗ ಸ್ಪೀಕರುಗಳನ್ನು ಮೊದಲಿನಂತೆಯೇ ಜೋಡಿಸಿ, ಡೆಕ್ಕಿನಿಂದ ಬರುವ ವೈರುಗಳನ್ನು ಅದಲುಬದಲು ಮಾಡಿ. ಮೌನ ಎಡಕ್ಕೆ ಬಂದರೆ ಡೆಕ್ಕು ಅಥವಾ ವೈರಿನ ದೋಷ, ಬಲದಲ್ಲೇ ನಿಂತರೆ ಆಂಪ್ಲಿಫೈಯರಿನದು. ಒಂದು ಸಲಕ್ಕೆ ಒಂದನ್ನೇ ಬದಲಿಸು, ಫಲವನ್ನು ಬರೆದಿಡು. ಪ್ರಯೋಗಾಲಯದಲ್ಲಿ ವಿಜ್ಞಾನಿಗಳು ಮಾಡುವುದೂ ಇದನ್ನೇ.

ಮೆಕ್ಯಾನಿಕ್ಕು ಒಳಗೆ ಕೈ ಹಾಕಿದ ಮೇಲೂ ಇದೇ ಸೂತ್ರ ಮುಂದುವರಿಯುತ್ತದೆ. ಸರ್ಕ್ಯೂಟ್ ನಕ್ಷೆ ಸಿಗದಿದ್ದರೂ ಅವರು ಕಂಗೆಡುವುದಿಲ್ಲ. ಚೆನ್ನಾಗಿರುವ ಎಡ ಚಾನೆಲ್ಲಿನ ಪ್ರತಿ ಬಿಂದುವಿನ ವೋಲ್ಟೇಜ್ ಅಳೆದು, ಬಲದ ಅದೇ ಬಿಂದುವಿನೊಂದಿಗೆ ಹೋಲಿಸುತ್ತಾರೆ. ವ್ಯತ್ಯಾಸ ಕಂಡಲ್ಲೇ ಕಳ್ಳ.

ಬಿಡಿ ಸ್ಪೀಕರಿನ ಮೇಲೆ ಇನ್ನೊಂದು ಪ್ರಯೋಗ ಮಾಡಬಹುದು. ಆಂಪ್ಲಿಫೈಯರಿನಿಂದ ಪೂರ್ತಿ ಬಿಡಿಸಿದ ದೊಡ್ಡ ಸ್ಪೀಕರಿನ ಎರಡು ತುದಿಗೆ ಒಂದೂವರೆ ವೋಲ್ಟಿನ ಸೆಲ್ಲನ್ನು ಒಂದು ಕ್ಷಣ ತಾಗಿಸಿ. 'ಟಕ್' ಎಂದು ಕಾಗದದ ಶಂಕು ಮುಂದಕ್ಕೋ ಹಿಂದಕ್ಕೋ ಜಿಗಿಯುತ್ತದೆ. ಕೆಂಪು ಗುರುತಿನ ತುದಿಗೆ ಧನ ಧ್ರುವ ತಾಗಿಸಿದಾಗ ಅದು ಸಾಮಾನ್ಯವಾಗಿ ಮುಂದಕ್ಕೆ ಬರಬೇಕು. ಎರಡು ಸ್ಪೀಕರುಗಳಲ್ಲಿ ಒಂದನ್ನು ಉಲ್ಟಾ ಜೋಡಿಸಿದರೆ ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ತಮಟೆಯ, ಡೊಳ್ಳಿನ ಗಂಭೀರ ನಾದ ಒಂದನ್ನೊಂದು ನುಂಗಿಕೊಂಡು ಹಾಡು ಪೇಲವವಾಗುತ್ತದೆ. ಎಷ್ಟೋ ಮನೆಗಳಲ್ಲಿ 'ಸೆಟ್ ಹಳೆಯದಾಯಿತು, ಬೇಸ್ ಇಲ್ಲ' ಎಂಬ ದೂರಿಗೆ ಎರಡು ತಂತಿ ತಿರುಗಿಸುವುದೇ ಔಷಧ.

ಸ್ಪೀಕರಿನ ಅಂಚಿನ ಸ್ಪಂಜು ಪುಡಿಯಾಗಿದ್ದರೆ ಹೆದರಬೇಕಿಲ್ಲ. ಅಂಚನ್ನಷ್ಟೇ ಬದಲಿಸಬಹುದು. ವಾಲ್ಯೂಮ್ ತಿರುಗಿಸುವಾಗ 'ಪರಪರ' ಎಂದರೆ ಒಳಗಿನ ಕಾರ್ಬನ್ ಪಟ್ಟಿಯ ಮೇಲೆ ದೂಳು ಕುಳಿತಿದೆ ಎಂದರ್ಥ. ಸ್ವಚ್ಛಗೊಳಿಸುವ ಸ್ಪ್ರೇ ಸಿಗುತ್ತದೆ. ಇನ್ನು ಚಳ್ಳಕೆರೆಯ ಕರಿ ಕಂಬಳಿ ಮನೆಯಲ್ಲಿದ್ದರೆ ಸ್ಪೀಕರಿನ ಎದುರಿನ ಬರಿಗೋಡೆಗೆ ತೂಗುಹಾಕಿ ನೋಡಿ. ಉಣ್ಣೆಯ ಸಂದುಗಳು ಎತ್ತರದ ಸ್ವರಗಳ ಪ್ರತಿಧ್ವನಿಯನ್ನು ಹೀರಿಕೊಂಡು ಹಾಡಿನ ಮಾತು ಸ್ಪಷ್ಟವಾಗುತ್ತದೆ.

ಟೇಪಿನಲ್ಲಿ ಉಳಿದ ದನಿ

ಇಷ್ಟೆಲ್ಲ ಪಾಡು ಏಕೆ? ಮೊಬೈಲಿನಲ್ಲಿ ಬೇಕಾದ ಹಾಡು ಸಿಗುತ್ತದಲ್ಲ ಎನ್ನಬಹುದು. ಸಿನಿಮಾ ಹಾಡು ಸಿಗುತ್ತದೆ, ನಿಜ. ಆದರೆ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ ತಂದು, ಕೆಂಪು ಗುಂಡಿ ಒತ್ತಿ, ಅಜ್ಜಿಯ ಬೀಸುವ ಪದವನ್ನೋ, ಹಟ್ಟಿಯ ಹಬ್ಬದ ರಾತ್ರಿಯನ್ನೋ ತುಂಬಿಟ್ಟದ್ದು ಎಲ್ಲಿ ಸಿಗುತ್ತದೆ?

ಈ ಸೀಮೆಗೆ ಇದು ಸಣ್ಣ ಮಾತಲ್ಲ. ಚಳ್ಳಕೆರೆ ತಾಲ್ಲೂಕು ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಸಾವಿರಾರು ಪದಗಳನ್ನು ನೆನಪಿನಲ್ಲೇ ಇಟ್ಟುಕೊಂಡು ಹಾಡಿದವರು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವರ ಹಾಡುಗಳನ್ನು ಸಂಗ್ರಹಿಸಿ ನಾಡಿಗೆ ಪರಿಚಯಿಸಿದರು. ಜುಂಜಪ್ಪ, ಎತ್ತಪ್ಪ, ಗಾದ್ರಿಪಾಲನಾಯಕರ ಕಥನಗಳು ಇಲ್ಲಿ ಬಾಯಿಂದ ಬಾಯಿಗೆ ಹರಿದುಬಂದಿವೆ. ಪದಗಳನ್ನು ಪುಸ್ತಕದಲ್ಲಿ ಅಚ್ಚು ಹಾಕಬಹುದು. ಹಾಡಿದವರ ಉಸಿರು, ಎಳೆತ, ನಡುವೆ ಬಂದ ನಗು ಮಾತ್ರ ಟೇಪಿನಲ್ಲಷ್ಟೇ ಉಳಿಯುತ್ತವೆ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು ಅದು. ಓದಲು ಲಿಪಿ ಬಲ್ಲವರ ಕಣ್ಣು ಸಾಕು. ಆದರೆ ಕೇವಲ ನಲವತ್ತು ವರ್ಷದ ಹಿಂದಿನ ಕ್ಯಾಸೆಟ್ಟನ್ನು ಯಾವ ಪಂಡಿತನೂ ಬರಿಗಣ್ಣಿನಲ್ಲಿ ಓದಲಾರ. ಯಂತ್ರ ಸತ್ತರೆ ದನಿಯೂ ಸತ್ತಂತೆ. ಹಳೆಯ ಡೆಕ್ಕಿನ ರಿಪೇರಿ ಬರಿಯ ಹವ್ಯಾಸವಾಗಿ ಉಳಿಯದಿರುವುದು ಇಲ್ಲಿಯೇ.

ಡೆಕ್ಕಿನ ರೋಗಗಳು ಸರಳ. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಓಡಬೇಕು. 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಸುಮಾರು 86 ಮೀಟರ್ ಟೇಪು ಬೇಕು. ಮೋಟರಿನ ರಬ್ಬರ್ ಬೆಲ್ಟು ಸಡಿಲವಾದರೆ ವೇಗ ತಪ್ಪಿ ಎಳೆ ಹುಡುಗಿಯ ದನಿ ಗಡಸಾಗುತ್ತದೆ. ಎಷ್ಟೋ ಸೆಟ್ಟುಗಳಲ್ಲಿ ಬೆಲ್ಟು ಡಾಂಬರಿನಂತೆ ಕರಗಿರುತ್ತದೆ. ಅದನ್ನು ಒರೆಸಿ, ಅದೇ ಅಳತೆಯ ಹೊಸದನ್ನು ಹಾಕಬೇಕು.

ಇನ್ನು ಹೆಡ್ಡು. ಸೆಕೆಂಡಿಗೆ 10,000 ಕಂಪನಗಳ ಸ್ವರವೊಂದು ಟೇಪಿನ ಮೇಲೆ ಹಿಡಿಯುವ ಜಾಗ, ಲೆಕ್ಕ ಹಾಕಿದರೆ, ಕೇವಲ 4.76 ಮೈಕ್ರಾನ್. ತಲೆಗೂದಲಿನ ದಪ್ಪ ಇದರ ಹತ್ತು ಪಟ್ಟಿಗಿಂತಲೂ ಹೆಚ್ಚು. ಹಾಗಾಗಿ ಹೆಡ್ಡಿನ ಮೇಲೆ ಕಣ್ಣಿಗೆ ಕಾಣದಷ್ಟು ಕೊಳೆ ಕುಳಿತರೂ ಎತ್ತರದ ಸ್ವರಗಳು ಮಾಯವಾಗಿ ಹಾಡು ರಗ್ಗು ಹೊದ್ದಂತೆ ಕೇಳುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ, ಪ್ಲಗ್ ಕಿತ್ತು, ಮೃದುವಾಗಿ ಒರೆಸಿದರೆ ಸಾಕು.

ರಿಪೇರಿಯಾದ ಡೆಕ್ಕಿಗೆ ಮೊದಲು ಅಜ್ಜಿಯ ಕ್ಯಾಸೆಟ್ ಹಾಕಲೇಬಾರದು. ಹೋದರೂ ಚಿಂತೆಯಿಲ್ಲ ಎನ್ನುವ ಕ್ಯಾಸೆಟ್ಟನ್ನು ಒಂದೆರಡು ಗಂಟೆ ಓಡಿಸಿ, ಟೇಪು ತಿನ್ನುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅಜ್ಜಿಯ ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಬಿಡಿ. ಆಗ ಕೆಂಪು ಗುಂಡಿ ತಪ್ಪಿ ಒತ್ತಿದರೂ ಅಳಿಸಿಹೋಗದು. ಆರು ಮೂಲೆಯ ಪೆನ್ಸಿಲನ್ನು ತೂತಿಗೆ ಹಾಕಿ ತಿರುಗಿಸಿ, ಚಕ್ರ ಸಲೀಸಾಗಿದೆಯೇ ನೋಡಿ.

ಟೇಪು ಕಡಿದಿದ್ದರೆ? ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮುರಿನ ನೇಕಾರರು ಮಗ್ಗದಲ್ಲಿ ಕಡಿದ ಎಳೆಯನ್ನು ಕಣ್ಣಿಗೆ ಕಾಣದಂತೆ ಕೂಡಿಸುತ್ತಾರಲ್ಲ, ಅದೇ ತಾಳ್ಮೆ ಇಲ್ಲೂ ಬೇಕು. ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ಏರದಂತೆ ಕೂಡಿಸಿ, ಹಿಂಬದಿಗೆ ಅದಕ್ಕೆಂದೇ ಇರುವ ಪಟ್ಟಿ ಅಂಟಿಸಬೇಕು. ಸಾಮಾನ್ಯ ಸೆಲೊಟೇಪಿನ ಅಂಟು ಸೆಖೆಗೆ ಜಿನುಗಿ ಪಕ್ಕದ ಸುತ್ತುಗಳಿಗೂ ಹತ್ತುತ್ತದೆ.

ಒಮ್ಮೆ ಚೆನ್ನಾಗಿ ಕೇಳಿಸಿದೊಡನೆ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಸೆಕೆಂಡಿಗೆ 44,100 ಮಾದರಿಗಳ, ಒತ್ತಿ ಕಿರಿದಾಗಿಸದ ಕಡತವಾದರೆ ಸ್ಟೀರಿಯೊದ ಒಂದು ಗಂಟೆಗೆ ಸುಮಾರು 635 ಮೆಗಾಬೈಟ್ ಜಾಗ ಸಾಕು. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂದು ಬರೆದಿಡಿ. ಪ್ರತಿಗಳು ಎರಡು ಮೂರು ಕಡೆ ಇರಲಿ. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಧ್ವನಿ ದಾಖಲೆಗಳನ್ನು ಜೋಪಾನ ಮಾಡಿದ್ದಾರೆ. ಪ್ರತಿ ಮನೆಯೂ ತನ್ನ ಮಟ್ಟಿಗೆ ಅಂಥದ್ದೊಂದು ಸಣ್ಣ ಭಂಡಾರವಾಗಬಹುದು.

ಹಳತು ಹಳತಾಗಿಯೇ ಇರಲಿ

ರಿಪೇರಿ ಬೇರೆ, ಪುನರುಜ್ಜೀವನ ಬೇರೆ. ಸದ್ದು ಬಂದರೆ ರಿಪೇರಿ ಮುಗಿಯಿತು. ಯಂತ್ರ ತನ್ನ ಕಾಲದ ರೂಪದಲ್ಲೇ ನಿಲ್ಲುವಂತೆ ಮಾಡುವುದು ಎರಡನೆಯದು. ಅದಕ್ಕೆ ಕೆಲವು ಶಿಸ್ತುಗಳಿವೆ. ಬಿಚ್ಚುವ ಮುನ್ನ ಪ್ರತಿ ಹಂತದಲ್ಲೂ ಚಿತ್ರ ತೆಗೆದಿಡಬೇಕು. ಹೊಸ ಕೆಪಾಸಿಟರಿನ ಮೈಕ್ರೊಫ್ಯಾರಡ್ ಹಳೆಯದರಷ್ಟೇ ಇರಬೇಕು, ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚಿರಬೇಕು, ಧನ-ಋಣ ತಪ್ಪಬಾರದು. ತೆಗೆದ ಭಾಗಗಳನ್ನು ಒಂದು ಲಕೋಟೆಯಲ್ಲಿ ಇಡಬೇಕು. ಬೆಸುಗೆ ಹಾಕಿದ ಮೇಲೆ ಕೈ ತೊಳೆಯಬೇಕು, ಹಳೆಯ ಬೆಸುಗೆಯಲ್ಲಿ ತವರದ ಜೊತೆ ಸೀಸವೂ ಇರುತ್ತದೆ. ಮರದ ಪೆಟ್ಟಿಗೆಗೆ ಹೊಸ ಬಣ್ಣ ಬಳಿದು ಹೊಳೆಸುವ ಆಸೆಯನ್ನು ಹತ್ತಿಕ್ಕಬೇಕು.

ಬಿಡಿಭಾಗ ಸಿಗುವುದಿಲ್ಲ ಎಂಬ ಮಾತು ಪೂರ್ತಿ ನಿಜವಲ್ಲ. ಮೈಕ್‌ಸೆಟ್ಟುಗಳಲ್ಲಿ ಒಂದು ಕಾಲಕ್ಕೆ ಎಲ್ಲೆಲ್ಲೂ ಕಾಣುತ್ತಿದ್ದ 2ಎನ್ 3055 ಟ್ರಾನ್ಸಿಸ್ಟರ್ ಈಗಲೂ ದೊರೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆ ಇಂಥ ಹುಡುಕಾಟಗಾರರ ಹಳೆಯ ಜಾಗ. 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿ ತಯಾರಿಸಿದ ವಾಲ್ವುಗಳೂ ಜೆರ್ಮೇನಿಯಂ ಟ್ರಾನ್ಸಿಸ್ಟರುಗಳೂ ಹಳೆಯ ಅಂಗಡಿಗಳ ಮೂಲೆಯಲ್ಲಿ ಸಿಕ್ಕುವುದುಂಟು. ಭಾಗಗಳಿಗಿಂತ ವಿರಳವಾಗುತ್ತಿರುವುದು ಅವುಗಳನ್ನು ಜೋಡಿಸಬಲ್ಲ ಕೈಗಳು. ರೇಡಿಯೋ ರಿಪೇರಿ ಎಂಬ ಫಲಕದ ಜಾಗದಲ್ಲಿ ಮೊಬೈಲ್ ಅಂಗಡಿಯ ಫಲಕ ಬಂದಿದೆ. ಕೊಂಡವನಿಗೆ ತನ್ನ ವಸ್ತುವನ್ನು ರಿಪೇರಿ ಮಾಡಿಸಿಕೊಳ್ಳುವ ಅನುಕೂಲ ಇರಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಒಂದು ಸಮಿತಿ ಮಾಡಿ, ಅದೇ ವರ್ಷ ಜಾಲತಾಣವನ್ನೂ ತೆರೆಯಿತು. ಒಳ್ಳೆಯದೇ. ಆದರೆ ಬೆಸುಗೆ ಹಾಕುವುದನ್ನು ಜಾಲತಾಣ ಕಲಿಸುವುದಿಲ್ಲ. ನಿಮ್ಮೂರಿನಲ್ಲಿ ಹಳೆಯ ಮೆಕ್ಯಾನಿಕ್ಕು ಇನ್ನೂ ಇದ್ದರೆ, ಈ ರಜೆಯಲ್ಲಿ ಮಕ್ಕಳನ್ನು ನಾಲ್ಕು ದಿನ ಅವರ ಪಕ್ಕ ಕೂರಿಸಿ. ಹಳದಿ, ನೇರಳೆ, ಕೆಂಪು ಪಟ್ಟೆಯ ರೆಸಿಸ್ಟರ್ ಎಂದರೆ 4,700 ಓಮ್ ಎಂದು ಉರುಹೊಡೆಯದೆ ನೆನಪಿಟ್ಟುಕೊಳ್ಳುತ್ತಾರೆ.

ಚಳ್ಳಕೆರೆಯ ಪಕ್ಕದ ಕುದಾಪುರದಲ್ಲಿ ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. ಅಂಥ ಕಡೆ ಓದಬೇಕೆಂಬ ಆಸೆ ಈ ಸೀಮೆಯ ಮಕ್ಕಳಲ್ಲಿ ಹುಟ್ಟಿದರೆ ಒಳ್ಳೆಯದು. ಅದಕ್ಕೆ ಮೊದಲ ಪಾಠ ಮನೆಯ ಅಟ್ಟದ ಮೇಲೆ ಬಟ್ಟೆ ಸುತ್ತಿಕೊಂಡು ಕಾದಿರಬಹುದು. ಕೆಳಗಿಳಿಸಿ. ದೂಳು ಒರೆಸಿ. ಪ್ಲಗ್ ಮಾತ್ರ ಇವತ್ತೇ ಸಿಕ್ಕಿಸಬೇಡಿ.